ಅನಾನಸ್ ಮಗ್ಗುಲಲ್ಲಿ ನಾಲ್ಕು ಹಾಸಿಗೆ

ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ ಕಲ್ಲಿನ ಅನಾನಸ್ ಹಣ್ಣೊಂದಿದೆ. ಹಳೆಯ ತೋಟದ ಎತ್ತರದ ಗೋಡೆ, ಗೋಡೆಯ ನಡುವೆ ಕಂಬಗಳ ಪುಟ್ಟ ಮಂಟಪ, ಮಂಟಪದ ನೆತ್ತಿಯ ಮೇಲೆ ನಾಲ್ಕಾಳೆತ್ತರಕ್ಕೂ ಮಿಗಿಲಾದ ಅನಾನಸ್. ಹಣ್ಣಿನ ಹೊಟ್ಟೆಯೊಳಗೆ ಒಂದು ದುಂಡನೆಯ ಕೋಣೆ. ಮಂಟಪದ ಎರಡೂ ಮಗ್ಗುಲಿಗೆ ಹಿಂದೊಮ್ಮೆ ತೋಟದ ಆಳುಗಳಿದ್ದ ಮನೆಗಳು. ಒಂದರಲ್ಲಿ ಅಡುಗೆಮನೆ ಮತ್ತು ನಡುಮನೆ, ಇನ್ನೊಂದರಲ್ಲಿ ನಾಲ್ವರು ಮಲಗುವಷ್ಟು ಜಾಗ. ಊಟ ಮುಗಿಸಿ ಮಲಗಲು ಹೋಗಬೇಕಾದರೆ ಬಾಗಿಲು ತೆರೆದು ಹೊರಗೆ ಬಂದು, ಮಳೆಯಿದ್ದರೆ ನೆನೆದುಕೊಂಡೇ, ಆ ಕಡೆಗೆ ದಾಟಬೇಕು. ಬಾಡಿಗೆ ಕೊಟ್ಟು ಯಾರು ಬೇಕಾದರೂ ಇಲ್ಲಿ ರಜೆ ಕಳೆಯಬಹುದು.

ಬಾಗಿಲ ಕಮಾನಿನ ನಡುಗಲ್ಲಿನ ಮೇಲೆ 1761 ಎಂಬ ಇಸವಿ ಇದೆ. ಕಟ್ಟಿಸಿದವನು ಡನ್‌ಮೋರ್‌ನ ನಾಲ್ಕನೆಯ ಅರ್ಲ್ ಜಾನ್ ಮರೆ. ಮುಂದೆ ಅಮೆರಿಕದ ವರ್ಜೀನಿಯಾಕ್ಕೆ ಬ್ರಿಟಿಷ್ ಗವರ್ನರ್ ಆಗಿ ಹೋದವನು. ಬನವಾಸಿ, ಶಿರಸಿ ಕಡೆ ಗಾಡಿಗಟ್ಟಲೆ ಬೆಳೆದು, ಬಸ್ ಸ್ಟ್ಯಾಂಡಿನಲ್ಲಿ ಉಪ್ಪು ಖಾರ ಸವರಿ ಮಾರುವ ಈ ಹಣ್ಣು ಆ ಕಾಲದ ಬ್ರಿಟನ್ನಿನಲ್ಲಿ ಸಿರಿವಂತರ ಒಣ ಜಂಬದ ಸರಕಾಗಿತ್ತು. ಔತಣದ ಮೇಜಿನ ಮೇಲೆ ಇಟ್ಟು ತೋರಿಸಲೆಂದೇ ಹಣ್ಣನ್ನು ಬಾಡಿಗೆಗೆ ತರುತ್ತಿದ್ದರು. ಚಳಿಯ ನಾಡಿನಲ್ಲಿ ಅದನ್ನು ಬೆಳೆಯಬೇಕಾದರೆ ಗಾಜಿನ ಮನೆ ಬೇಕು, ಹಗಲಿರುಳೂ ಉರಿಯುವ ಒಲೆ ಬೇಕು. ಇಲ್ಲಿನ ತೋಟದ ಗೋಡೆಯ ಒಳಗೇ ಟೊಳ್ಳು ಬಿಟ್ಟು, ಒಲೆಯ ಬಿಸಿಗಾಳಿಯನ್ನು ಅದರಲ್ಲಿ ಹಾಯಿಸುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ಕಾಣುವ ಅಲಂಕಾರದ ಕಲ್ಲಿನ ಹೂಜಿಗಳು ನಿಜಕ್ಕೂ ಹೊಗೆ ಹೋಗುವ ಗೂಡುಗಳು.

ಕಲ್ಲುಕುಟಿಗರ ಜಾಣತನ ಇದಕ್ಕಿಂತ ದೊಡ್ಡದು. ಹಣ್ಣಿನ ಸುತ್ತ ಮುಳ್ಳಂಚಿನ ಎಲೆಗಳು ಹೊರಕ್ಕೆ ಬಾಗಿಕೊಂಡಿವೆ. ಅಂಥ ಎಲೆಯ ಬುಡದಲ್ಲಿ ಮಳೆನೀರು ನಿಂತರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲನ್ನು ಸೀಳಿಬಿಡುತ್ತದೆ. ಆದ್ದರಿಂದ ಒಂದೊಂದು ಎಲೆಗೂ ಬೇರೆ ಬೇರೆಯಾಗಿ ನೀರು ಹರಿದುಹೋಗಲು ದಾರಿ ಮಾಡಿದ್ದಾರೆ. ಹಣ್ಣಿನ ಮೈಮೇಲಿನ ಕಣ್ಣುಗಳನ್ನೂ ಹನಿ ನಿಲ್ಲದಂತೆ ಇಳಿಜಾರಾಗಿ ಕಡೆದಿದ್ದಾರೆ. ಎರಡೂವರೆ ಶತಮಾನದ ಹಿಮವನ್ನು ಹಣ್ಣು ತಡೆದು ನಿಂತಿರುವುದು ಈ ಎಚ್ಚರದಿಂದ.

ಕಲ್ಲು ತಡೆದರೂ ಜನ ಬಿಟ್ಟುಹೋದ ಮನೆ ಎಷ್ಟು ದಿನ ಉಳಿದೀತು? ತೋಟ ಹಾಳುಬಿದ್ದಿತ್ತು, ಮಗ್ಗುಲ ಮನೆಗಳು ಕುಸಿಯುತ್ತಿದ್ದವು. ಈಗ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್‌ನ ಒಡೆತನದಲ್ಲಿರುವ ಈ ಆಸ್ತಿಯನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು ರಿಪೇರಿ ಮಾಡಿಸಿದ್ದು ಲ್ಯಾಂಡ್‌ಮಾರ್ಕ್ ಟ್ರಸ್ಟ್. ವಿಚಿತ್ರ ಜಾಗಗಳಲ್ಲಿ ತಂಗುವ ಆಸೆಯಿರುವವರು ತಿಳಿದಿರಲೇಬೇಕಾದ ಸಂಸ್ಥೆ ಇದು. ಇಂದು ಜಗತ್ತಿನ ತುಂಬ ಮಂಜಿನ ಹೋಟೆಲ್, ಮರದ ಮೇಲಿನ ಹೋಟೆಲ್ ಎಂದು ನೂರಾರಿವೆ. ಅವು ಪ್ರವಾಸಿಗಾಗಿಯೇ ಕಟ್ಟಿದವು. ಲ್ಯಾಂಡ್‌ಮಾರ್ಕ್‌ನ ದಾರಿ ಬೇರೆ. ಅಲ್ಲಿ ಮೊದಲು ಬರುವುದು ಕಟ್ಟಡ. ಪ್ರವಾಸಿ ಬರುವುದು ಅದನ್ನು ಬದುಕಿಸಲು.

ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಹುಟ್ಟುಹಾಕಿದವರು ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಶ್ಚಿಯನ್. ಸ್ಮಿತ್ ಬ್ಯಾಂಕಿಂಗ್ ಕ್ಷೇತ್ರದವರು, ಕೆಲಕಾಲ ಸಂಸತ್ ಸದಸ್ಯರೂ ಆಗಿದ್ದವರು. ಹಳೆಯ ಕಾಲುವೆಗಳೆಂದರೆ ಅವರಿಗೆ ಪ್ರಾಣ. ಇಂಗ್ಲೆಂಡಿನ ಹರ್ಲ್‌ಸ್ಟನ್ ಎಂಬಲ್ಲಿ ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಕಾಲದ ಕಾಲುವೆ ಕೂಡುವ ಜಾಗದ ಮನೆಯೊಂದನ್ನು ಕೆಡವಿಹಾಕಿದ್ದು ಅವರನ್ನು ತೀರ ನೋಯಿಸಿತು. ಅರಮನೆಯಂಥ ಬಂಗಲೆಗಳನ್ನು ಉಳಿಸಲು ದೊಡ್ಡ ಸಂಸ್ಥೆಗಳಿದ್ದವು. ಕಾಲುವೆಗಾರನ ಮನೆ, ಗಿರಣಿ, ಕಾವಲು ಗೋಪುರ, ನೀರಿನ ಟ್ಯಾಂಕು ಇಂಥವುಗಳಿಗೆ ದಿಕ್ಕಿರಲಿಲ್ಲ. ಮ್ಯೂಸಿಯಂ ಮಾಡೋಣವೆಂದರೆ ಅವು ತೀರ ಚಿಕ್ಕವು. ಸ್ಮಿತ್ ದಂಪತಿಗೆ ಹೊಳೆದ ಉಪಾಯ ಸರಳವಾಗಿತ್ತು: ರಿಪೇರಿ ಮಾಡಿ, ಒಲೆ, ಹಾಸಿಗೆ ಇಟ್ಟು, ಕೆಲವೇ ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವುದು. ರಿಪೇರಿಯ ದುಡ್ಡು ದಾನಿಗಳಿಂದ; ಆಮೇಲಿನ ಸುಣ್ಣಬಣ್ಣ, ಹೆಂಚು, ಕಿಟಕಿಯ ಖರ್ಚು ಬಾಡಿಗೆಯಿಂದ. ಇಂದು ಅವರ ಪಟ್ಟಿಯಲ್ಲಿ ಸುಮಾರು 200 ಕಟ್ಟಡಗಳಿವೆ.

ಪಟ್ಟಿಯಲ್ಲಿ ಹಂದಿಗೂಡೂ ಒಂದು. ಯಾರ್ಕ್‌ಷೈರಿನ ರಾಬಿನ್ ಹುಡ್ಸ್ ಬೇ ಸಮುದ್ರದಂಡೆಯ ಮೇಲಿನ ಗುಡ್ಡದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ಯಾರಿ ಎಂಬ ಜಮೀನ್ದಾರ ತನ್ನ ಎರಡು ಹಂದಿಗಳಿಗೆ ಗ್ರೀಕ್ ದೇವಾಲಯದ ಮಾದರಿಯಲ್ಲಿ ಕಂಬಸಾಲಿನ ಗೂಡು ಕಟ್ಟಿಸಿದ. ಈಗ ಅಲ್ಲಿ ಇಬ್ಬರು ತಂಗಬಹುದು. ಹಂದಿಗಳಿಗೆಂದು ಒದಗಿಸಿದ್ದ ಸಮುದ್ರದ ನೋಟ ಹಾಗೇ ಇದೆ.

ಒಳಗಿನ ವ್ಯವಸ್ಥೆಯಲ್ಲಿ ಲ್ಯಾಂಡ್‌ಮಾರ್ಕ್‌ನವರದು ಗಟ್ಟಿ ನಿಲುವು. ಟಿ.ವಿ. ಇಲ್ಲ. ಬೆಳಗಿನ ತಿಂಡಿ ತಂದುಕೊಡುವವರಿಲ್ಲ. ಗಟ್ಟಿಮುಟ್ಟಾದ ಹಳೆಯ ಪೀಠೋಪಕರಣ, ಆ ಕಟ್ಟಡಕ್ಕೂ ಆ ಸೀಮೆಗೂ ಹೊಂದುವಂತೆ ಆರಿಸಿಟ್ಟ ಪುಸ್ತಕಗಳ ಒಂದು ಕಪಾಟು. ಕಟ್ಟಡದ ಚರಿತ್ರೆ ಹೇಳುವ ದಪ್ಪನೆಯ ಕಡತವೊಂದು ಇರುತ್ತದೆ, ಯಾವ ಗೋಡೆ ಯಾವಾಗ ಬಿತ್ತು, ಹೇಗೆ ಎದ್ದಿತು ಎಂಬುದೆಲ್ಲ ಅದರಲ್ಲಿ. ಜೊತೆಗೆ ದಿನಚರಿ ಪುಸ್ತಕ. ಬಂದುಹೋದವರು ನಡೆದ ಕಾಲುದಾರಿ, ಕಂಡ ಹಕ್ಕಿ, ಹೊತ್ತಿಕೊಳ್ಳಲು ಹಟಮಾಡುವ ಒಲೆಯ ಗುಟ್ಟು, ಮಕ್ಕಳ ಚಿತ್ರ ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಾರೆ. ಹೋಟೆಲಿಗೆ ಸ್ಟಾರ್ ಕೊಡುವ ವಿಮರ್ಶೆಗೂ ಇದಕ್ಕೂ ಬಹಳ ದೂರ. ಮುಂದೆ ಬರುವ ಅಪರಿಚಿತರಿಗೆ ಮನೆ ಒಪ್ಪಿಸಿ ಹೋಗುವವರ ಬರಹ ಅದು.

ಒಂದಿಡೀ ದ್ವೀಪವೇ ಬೇಕೆನ್ನುವವರಿಗೆ ಬ್ರಿಸ್ಟಲ್ ಚಾನೆಲ್ ನಡುವಿನ ಲಂಡಿ ಇದೆ. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದು ಕಿಲೋಮೀಟರಿನ ಆಸುಪಾಸು. 1969ರಲ್ಲಿ ಅದು ಮಾರಾಟಕ್ಕೆ ಬಂದಾಗ ಜ್ಯಾಕ್ ಹೇವರ್ಡ್ ಎಂಬ ಉದ್ಯಮಿ 1,50,000 ಪೌಂಡ್ ಕೊಟ್ಟರು, ನ್ಯಾಷನಲ್ ಟ್ರಸ್ಟ್ ಅದನ್ನು ಪಡೆದು ಲ್ಯಾಂಡ್‌ಮಾರ್ಕ್‌ಗೆ ಗುತ್ತಿಗೆಗೆ ವಹಿಸಿತು. ಬೇಸಿಗೆಯಲ್ಲಿ ಓಲ್ಡನ್‌ಬರ್ಗ್ ಎಂಬ ಹಡಗು ಜನರನ್ನೂ ಸಾಮಾನನ್ನೂ ಒಯ್ಯುತ್ತದೆ, ಚಳಿಗಾಲದಲ್ಲಿ ಹೆಲಿಕಾಪ್ಟರ್. ನಡುರಾತ್ರಿ ಜನರೇಟರ್ ನಿಲ್ಲಿಸುತ್ತಾರೆ, ಬೆಳಗಿನ ಜಾವದವರೆಗೆ ಇಡೀ ದ್ವೀಪಕ್ಕೆ ಕತ್ತಲೆ. ಅಲ್ಲಿನ ಹಳೆಯ ದೀಪಸ್ತಂಭದ ಕಾವಲುಗಾರರ ಮನೆಯಲ್ಲಿ ತಂಗಬಹುದು. ಆ ದೀಪದ ಕತೆ ಕೇಳಿ. ದ್ವೀಪದ ನೆತ್ತಿಯಲ್ಲಿದ್ದರೆ ಬಹುದೂರಕ್ಕೆ ಕಾಣುತ್ತದೆಂದು 1819ರಲ್ಲಿ ಅಲ್ಲಿ ಕಟ್ಟಿದರು. ಎತ್ತರ ಹೆಚ್ಚಾಗಿ, ಹಡಗಿನವರಿಗೆ ದೀಪ ಬೇಕಾದ ಹೊತ್ತಿಗೇ ಅದು ಮಂಜಿನಲ್ಲಿ ಮುಚ್ಚಿಹೋಗುತ್ತಿತ್ತು. ಕೊನೆಗೆ 1897ರಲ್ಲಿ ದ್ವೀಪದ ಎರಡು ತುದಿಗಳಲ್ಲಿ ತಗ್ಗಿಗೆ ಹೊಸ ದೀಪಗಳು ಬಂದವು, ಇದು ಆರಿತು.

ಲಂಡಿಯಲ್ಲಿ ಇಲಿಗಳ ಹಾವಳಿ ವಿಪರೀತವಾಗಿತ್ತು. ಬಿಲಗಳಲ್ಲಿ ಮೊಟ್ಟೆಯಿಡುವ ಕಡಲಹಕ್ಕಿಗಳ ಸಂತಾನವೇ ಉಳಿಯುತ್ತಿರಲಿಲ್ಲ. 2002ರಿಂದ 2004ರವರೆಗೆ ನಡೆದ ಕಾರ್ಯಾಚರಣೆಯಲ್ಲಿ ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಿದರು. ಬೆರಳೆಣಿಕೆಗೆ ಇಳಿದಿದ್ದ, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಈಗ ಸಾವಿರ ದಾಟಿವೆ. ನನ್ನ ಮಟ್ಟಿಗೆ ಈ ಸಂಸ್ಥೆಯ ಕೆಲಸಗಳಲ್ಲೆಲ್ಲ ಲಂಡಿಯೇ ಮಿಗಿಲು. ಅಲ್ಲಿ ಉಳಿದದ್ದು ಕಟ್ಟಡವಷ್ಟೇ ಅಲ್ಲವಲ್ಲ.

ಹಳೆಯದನ್ನು ಹಳೆಯದರಂತೆಯೇ ಮಾಡಿಡಬೇಕೆಂಬ ಹಟವೂ ಅವರಿಗಿಲ್ಲ. ವಾರ್ವಿಕ್‌ಷೈರಿನ ಆಸ್ಟ್ಲಿ ಕೋಟೆಮನೆ 1978ರಲ್ಲಿ ಬೆಂಕಿಗೆ ಸಿಕ್ಕಿ ಬರೀ ಗೋಡೆಯಾಗಿತ್ತು. ಸುಟ್ಟ ಗೋಡೆಗಳನ್ನು ಹಾಗೇ ಬಿಟ್ಟು, ಅವುಗಳ ತೋಳೊಳಗೆ ಇಟ್ಟಿಗೆ ಮತ್ತು ಮರದ ಹೊಸ ಮನೆ ಕಟ್ಟಿಸಿದರು. ಹೊಸದು ಯಾವುದು, ಹಳೆಯದು ಯಾವುದು ಎಂಬುದು ಎಲ್ಲೂ ಮರೆಯಾಗಿಲ್ಲ. 2013ರಲ್ಲಿ ಅದಕ್ಕೆ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಇದೇ ಪ್ರೇರಣೆಯ ಅಮೆರಿಕದ ಸಂಸ್ಥೆಯೊಂದು ವರ್ಮಾಂಟ್ ರಾಜ್ಯದಲ್ಲಿ ರಡ್ಯಾರ್ಡ್ ಕಿಪ್ಲಿಂಗ್ ಕಟ್ಟಿಸಿದ ಮನೆಯನ್ನು ನೋಡಿಕೊಳ್ಳುತ್ತಿದೆ. ನಮ್ಮ ಮಕ್ಕಳೆಲ್ಲ ಬಲ್ಲ ಅವರ ಮೋಗ್ಲಿಯ ಕತೆಗಳಿಗೆ ಜೀವ ಬಂದದ್ದು ಕತೆ ನಡೆಯುವ ಸಿವನಿಯ ಕಾಡಿನಲ್ಲಲ್ಲ, ಹಿಮ ಬೀಳುವ ಆ ಸೀಮೆಯಲ್ಲಿ. ಮನೆಗೆ ಕಿಪ್ಲಿಂಗ್ ಇಟ್ಟ ಹೆಸರು ಲಾಹೋರಿನ ಮಂಟಪವೊಂದರದು: ನೌಲಾಖ. ಅಲ್ಲಿಯೂ ಬಾಡಿಗೆಗೆ ಇರಬಹುದು.

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ತೊಟ್ಟಿಮನೆಗಳು, ಕರಾವಳಿಯ ಗುತ್ತಿನ ಮನೆಗಳು, ಕೊಡಗಿನ ಐನ್‌ಮನೆಗಳು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಒಬ್ಬ ಮನುಷ್ಯ ಮಾಡಬಹುದಾದ್ದಕ್ಕಿಂತ ದೊಡ್ಡ ಕೆಲಸ. ಆದರೆ ಎಲ್ಲ ಮನೆಗಳನ್ನೂ ಬಿಚ್ಚಿ ಸಾಗಿಸಲಾಗದು. ನಮ್ಮಲ್ಲಿ ಹಳೆಯ ಮನೆ ಬೀಳುವುದು ಪ್ರೀತಿ ಕಡಿಮೆಯಾಗಿ ಅಲ್ಲ. ಪಾಲುದಾರರು ಹತ್ತಾರು ಜನ, ಒಬ್ಬರು ಬೆಂಗಳೂರು, ಒಬ್ಬರು ದುಬೈ. ಮಾಡು ಸೋರಿದರೆ ಹೆಂಚು ಹೊದಿಸುವ ಹೊಣೆ ಯಾರದು? ಕೊನೆಗೆ ಕಂಬ, ಬಾಗಿಲು ಗುಜರಿಗೆ, ನಿವೇಶನ ಪಾಲಿಗೆ. ರಿಪೇರಿ ಮಾಡಿದರೂ ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದು, ಗೋಡೆಯ ತೇವ ಹೊರಗೆ ಹೋಗದಂತೆ ಮಾಡಿ, ಒಳಗಿಂದಲೇ ಕೊಳೆಯಿಸುತ್ತೇವೆ.

ಲ್ಯಾಂಡ್‌ಮಾರ್ಕ್‌ನ ಪದ್ಧತಿಯಲ್ಲಿ ನಮಗೆ ಒಗ್ಗುವ ಅಂಶ ಅದರ ಗುತ್ತಿಗೆ. ಡನ್‌ಮೋರ್ ಆಗಲಿ ಲಂಡಿಯಾಗಲಿ ಅವರದ್ದಲ್ಲ. ಒಡೆತನ ಒಡೆಯರಲ್ಲೇ ಇರುತ್ತದೆ, ರಿಪೇರಿ ಮತ್ತು ಬಾಡಿಗೆಯ ಜವಾಬ್ದಾರಿ ಸಂಸ್ಥೆಯದು. ಅವಿಭಕ್ತ ಕುಟುಂಬವೊಂದು ಮನೆಯನ್ನು ಪಾಲು ಮಾಡದೆ, ಮಾರದೆ, ಹೀಗೆ ಕೆಲವು ದಶಕಗಳ ಮಟ್ಟಿಗೆ ಒಪ್ಪಿಸುವಂತಿದ್ದರೆ, ವರ್ಷಕ್ಕೊಮ್ಮೆ ಹಬ್ಬಕ್ಕೋ ಹಿರಿಯರ ಪೂಜೆಗೋ ತಾವೇ ಬಂದು ಸೇರುವ ಷರತ್ತು ಹಾಕಿಕೊಳ್ಳುವಂತಿದ್ದರೆ, ಎಷ್ಟೋ ಜಗುಲಿಗಳು ಉಳಿದಾವು. ಇಂಥ ಟ್ರಸ್ಟ್ ಒಂದು ಕರ್ನಾಟಕದಲ್ಲಿ ಹುಟ್ಟಬೇಕೆಂದು ಮನಸಾರೆ ಬಯಸುತ್ತೇನೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಗಮನಿಸಬೇಕಾದ್ದು ಇಷ್ಟು. ಅನಾನಸ್‌ನಂಥ ಹೆಸರಾದ ಮನೆಗಳನ್ನು ಬಹಳ ಮುಂಚೆ ಕಾದಿರಿಸಬೇಕು. ಬೇಸಿಗೆ ರಜೆಗೆ ಸಿಗದಿದ್ದರೆ ಚಳಿಗಾಲದ ವಾರದ ನಡುದಿನಗಳನ್ನು ನೋಡಿ, ಬಾಡಿಗೆಯೂ ಇಳಿದಿರುತ್ತದೆ. ಬಾಡಿಗೆ ಇಡೀ ಮನೆಗೆ. ಆದ್ದರಿಂದ ಎಂಟು ಜನ ಹಿಡಿಸುವ ಆಸ್ಟ್ಲಿಯಂಥದ್ದನ್ನು ಎರಡು ಕುಟುಂಬ ಸೇರಿ ಹಿಡಿದರೆ ತಲೆಗೆ ಬೀಳುವ ಖರ್ಚು ಹಗುರ. ವರ್ಷದ ಕೆಲವು ದಿನ ಕೆಲವು ಕಟ್ಟಡಗಳನ್ನು ಪುಕ್ಕಟೆಯಾಗಿ ನೋಡಲು ತೆರೆದಿಡುತ್ತಾರೆ. ಅಡುಗೆಮನೆಯಲ್ಲಿ ಒಲೆ, ಪಾತ್ರೆ, ತಟ್ಟೆ ಎಲ್ಲ ಇರುತ್ತವೆ. ಅಕ್ಕಿ, ಬೇಳೆ, ಸಾರಿನ ಪುಡಿ ನೀವೇ ಒಯ್ಯಬೇಕು.