ಬೇಸಗೆಯ ಟೊಮ್ಯಾಟೊ

ನೀರು ಗೊಬ್ಬರಗಳ ಕೊರತೆಯಿಲ್ಲದೆ ಸೊಂಪಾಗಿ ಬೆಳೆದು, ಹಳದಿ ಹೂಗಳಿಂದ ತುಂಬಿನಿಂತ ಟೊಮ್ಯಾಟೊ ಗಿಡವು, ಕಡುಬೇಸಗೆಯಲ್ಲಿ ಆ ಹೂಗಳನ್ನು ಕಾಯಾಗಗೊಡದೆ ತೊಟ್ಟಿನ ಗೆಣ್ಣಿನಲ್ಲಿಯೇ ಕಳಚಿ ಉದುರಿಸಿಬಿಡುವುದು ಕೋಲಾರ ಸೀಮೆಯ ರೈತರಿಗೆ ಅಪರಿಚಿತವಾದ ಸಂಗತಿಯಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರಾಂತದ ಮೂಲದ್ದಾದ ಈ ಸಸ್ಯವು, ಹಗಲಿನ ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿ, ಇರುಳೂ 21 ಡಿಗ್ರಿಗಿಂತ ಕೆಳಗಿಳಿಯದೆ ಹೋದಾಗ, ಫಲಧಾರಣೆಯಲ್ಲಿ ಕುಗ್ಗತೊಡಗುತ್ತದೆ. ನಾವು ಮಧ್ಯಾಹ್ನದ ಬಿಸಿಲನ್ನಷ್ಟೇ ದೂರುತ್ತೇವೆ. ತಂಪಾಗದ ಇರುಳಿನ ಅಪರಾಧವೂ ಅಲ್ಪವಾದುದಲ್ಲ, ಮತ್ತು ಬಿಸಿಯೇರುತ್ತಿರುವ ಭೂಮಿಯಲ್ಲಿ ಅಂತಹ ಇರುಳುಗಳೇ ಹೆಚ್ಚುತ್ತಿವೆ.

ಅನರ್ಥದ ಬೀಜವಿರುವುದು ಪರಾಗದಲ್ಲಿ. ಹೂವು ಅರಳುವುದಕ್ಕೆ ಒಂದೆರಡು ವಾರ ಮುಂಚೆಯೇ, ಮೊಗ್ಗಿನ ಗರ್ಭದಲ್ಲಿ ಪರಾಗಕಣಗಳು ರೂಪುಗೊಳ್ಳುತ್ತಿರುವ ಸುಕುಮಾರ ಘಟ್ಟದಲ್ಲಿ ತಾಪವು ತಗುಲಿದರೆ, ಅವುಗಳಿಗೆ ಸಲ್ಲಬೇಕಾದ ಪಿಷ್ಟ ಶರ್ಕರಗಳ ಪೋಷಣೆ ಕುಂದಿ, ಅನೇಕ ಕಣಗಳು ಸತ್ತ್ವಹೀನವಾಗುತ್ತವೆ. ಇಷ್ಟು ಸಾಲದೆಂಬಂತೆ, ಕೇಸರಗಳ ಕೊಳವೆಯೊಳಗೆ ಅಡಗಿರಬೇಕಾದ ಶಲಾಕಾಗ್ರವು ಕೆಲವು ತಳಿಗಳಲ್ಲಿ ಹೊರಚಾಚಿಕೊಂಡು, ಸ್ವಕೀಯ ಪರಾಗಸ್ಪರ್ಶಕ್ಕೂ ಅವಕಾಶವನ್ನು ತಪ್ಪಿಸುತ್ತದೆ.

ಗಿಡವೇನೂ ಸುಮ್ಮನೆ ಶರಣಾಗುವುದಿಲ್ಲ. ಬೇರಿಗೆ ನೀರು ದೊರೆಯುತ್ತಿರುವವರೆಗೆ ಎಲೆಗಳು ಬಾಷ್ಪವಿಸರ್ಜನೆಯಿಂದ ತಮ್ಮನ್ನು ತಂಪಾಗಿರಿಸಿಕೊಳ್ಳುತ್ತವೆ. ಜೀವಕೋಶಗಳೊಳಗೆ ಉಷ್ಣಾಘಾತ ಪ್ರೋಟೀನುಗಳೆಂಬ ವಿಶೇಷ ದ್ರವ್ಯಗಳು ಉತ್ಪನ್ನವಾಗಿ, ತಾಪದಿಂದ ಆಕಾರಗೆಟ್ಟ ಇತರ ಪ್ರೋಟೀನುಗಳನ್ನು ಮತ್ತೆ ಸರಿಯಾದ ಮಡಿಕೆಗೆ ತರುತ್ತವೆ.

ಕಾಯಿ ಕಚ್ಚಿದ ಮೇಲೂ ತೊಂದರೆ ತಪ್ಪಿದ್ದಲ್ಲ. ಕೆಂಪು ಬಣ್ಣದ ಲೈಕೊಪೀನ್ ಅತ್ಯುಷ್ಣದಲ್ಲಿ ಸರಿಯಾಗಿ ಕೂಡಿಕೊಳ್ಳದು. ಹಳದಿಯ ಕೆರೋಟಿನ್ ಮಾತ್ರ ಉಳಿದುಕೊಳ್ಳುವುದರಿಂದ ಹಣ್ಣು ಕಿತ್ತಳೆ ಛಾಯೆಯಲ್ಲಿಯೇ ಮಾಗಿ, ಬಣ್ಣವನ್ನೇ ನೋಡಿ ಬೆಲೆ ಕಟ್ಟುವ ಮಂಡಿಯಲ್ಲಿ ಅಗ್ಗವಾಗುತ್ತದೆ. ನೆರಳುಬಲೆ ಹರಡುವುದು, ತಾಪ ಸಹಿಸುವ ತಳಿಯನ್ನು ಆರಿಸುವುದು, ನಾಟಿಯ ಕಾಲವನ್ನು ಹಿಂದುಮುಂದು ಮಾಡುವುದು ಸದ್ಯದ ಉಪಾಯಗಳು. ಇವುಗಳಲ್ಲಿ ಕೊನೆಯದಕ್ಕೆ ಖರ್ಚು ಕಡಿಮೆ.