‘ಎರಾಡಿಕೇಷನ್’ ಶಬ್ದದ ಅರ್ಥವೂ ವ್ಯುತ್ಪತ್ತಿಯೂ

ಯಾವುದೊಂದನ್ನಾದರೂ ಸಂಪೂರ್ಣವಾಗಿ ಇಲ್ಲದಂತೆ ಮಾಡುವುದೆಂಬ ಅರ್ಥದಲ್ಲಿ ಆಂಗ್ಲರು ಪ್ರಯೋಗಿಸುವ ‘ಎರಾಡಿಕೇಷನ್’ ಎಂಬ ಶಬ್ದವು ಲ್ಯಾಟಿನ್ ಭಾಷೆಯಿಂದ ಬಂದುದು. ಆ ಭಾಷೆಯಲ್ಲಿ ‘ರಾಡೀಕ್ಸ್’ ಎಂದರೆ ಬೇರು. ‘ಎಕ್ಸ್’ ಎಂಬುದು ‘ಹೊರಕ್ಕೆ’ ಎಂಬರ್ಥವುಳ್ಳ ಉಪಸರ್ಗ. ರೇಫವು ಪರವಾದಾಗ ಅದು ‘ಏ’ ಎಂದು ಉಳಿಯುವುದು. ಇವೆರಡೂ ಕೂಡಿ, ಬೇರುಸಹಿತವಾಗಿ ಕೀಳು ಎಂಬರ್ಥದ ‘ಏರಾಡೀಕಾರೆ’ ಎಂಬ ನಾಮಧಾತುವು ಸಿದ್ಧವಾಯಿತು.

ಸಂಸ್ಕೃತದ ‘ಉನ್ಮೂಲನ’ ಶಬ್ದದ ರಚನೆಯೂ ಇಂತಹುದೇ. ‘ಉತ್’ ಎಂಬ ಉಪಸರ್ಗವು ಮೇಲಕ್ಕೆ, ಹೊರಕ್ಕೆ ಎಂಬರ್ಥವನ್ನು ಕೊಡುವುದು. ಮಕಾರವು ಪರವಾದುದರಿಂದ ಅದರ ತಕಾರಕ್ಕೆ ಅನುನಾಸಿಕವು ಬಂದಿದೆ. ಈ ಎರಡು ಶಬ್ದಗಳಲ್ಲಿ ಒಂದರಿಂದ ಇನ್ನೊಂದು ಹುಟ್ಟಿದುದಲ್ಲ. ಸಾಮ್ಯವಿರುವುದು ಭಾವನೆಯಲ್ಲಿ ಮಾತ್ರ. ಮೂಲಂಗಿಗೆ ಆಂಗ್ಲರು ‘ರಾಡೀಕ್ಸ್’ನಿಂದ ಬಂದ ‘ರ್‍ಯಾಡಿಷ್’ ಎಂಬ ಹೆಸರನ್ನೂ, ಸಂಸ್ಕೃತಜ್ಞರು ‘ಮೂಲ’ದಿಂದಾದ ‘ಮೂಲಕ’ವೆಂಬ ಹೆಸರನ್ನೂ ಇಟ್ಟಿರುವುದು ಇದಕ್ಕೆ ಇನ್ನೊಂದು ನಿದರ್ಶನ.

ಇದಕ್ಕೆ ಪರ್ಯಾಯವೆಂದು ಹಲವರು ಭಾವಿಸುವ ‘ಎಲಿಮಿನೇಷನ್’ ಶಬ್ದದ ಮೂಲಾರ್ಥವು ಬೇರೆ. ‘ಲೀಮೆನ್’ ಎಂದರೆ ಹೊಸ್ತಿಲು. ಹೊಸ್ತಿಲಿನಿಂದಾಚೆಗೆ ನೂಕುವುದೇ ಅದರ ತಾತ್ಪರ್ಯ. ಬೇರು ಕಿತ್ತುಹೋದ ಗಿಡವು ಮರಳಿ ಚಿಗುರದು; ಹೊಸ್ತಿಲಾಚೆಗೆ ನೂಕಿಸಿಕೊಂಡವನಾದರೋ ಬಾಗಿಲು ತೆರೆದೊಡನೆ ಒಳಗೆ ಬರಬಹುದು.

ವೈದ್ಯಶಾಸ್ತ್ರದ ಪರಿಭಾಷೆಯಲ್ಲಿಯೂ ಈ ಭೇದವುಂಟು. ರೋಗವು ಲೋಕದಲ್ಲೆಲ್ಲಿಯೂ ಹರಡದಂತೆ ಶಾಶ್ವತವಾಗಿ ನಿಂತಾಗ ಮಾತ್ರ ಮೊದಲನೆಯ ಶಬ್ದವು ಸಲ್ಲುವುದು. 1980ರಲ್ಲಿ ಸಿಡುಬಿನ ವಿಷಯವಾಗಿಯೂ, 2011ರಲ್ಲಿ ದನಗಳ ದೊಡ್ಡರೋಗದ ವಿಷಯವಾಗಿಯೂ ಹೀಗೆ ಘೋಷಿಸಲಾಯಿತು. ರೋಗವನ್ನು ಒಂದು ಪ್ರದೇಶದಲ್ಲಿ ನಿಲ್ಲಿಸುವುದಕ್ಕೆ, ಅಥವಾ ಗೊತ್ತುಪಡಿಸಿದ ಮಿತಿಗಿಂತ ಕೆಳಕ್ಕೆ ತರುವುದಕ್ಕೆ ಎರಡನೆಯದು ಸಲ್ಲುವುದು. 2005ರ ಅಂತ್ಯದಲ್ಲಿ ಭಾರತವು ಕುಷ್ಠರೋಗದ ವಿಷಯದಲ್ಲಿ ಸಾಧಿಸಿದುದು ಇದನ್ನೇ. ಅಂದರೆ ರೋಗಿಗಳ ಸಂಖ್ಯೆಯು 10,000 ಜನರಿಗೆ ಒಬ್ಬನಿಗಿಂತ ಕಡಮೆಯಾಯಿತು. ಆ ಬಳಿಕವೂ ಹೊಸ ರೋಗಿಗಳು ಕಂಡುಬರುತ್ತಲೇ ಇದ್ದಾರೆ.

ಕನ್ನಡದಲ್ಲಿ ಈ ಎರಡು ಶಬ್ದಗಳಿಗೂ ‘ನಿರ್ಮೂಲನ’ವೆಂದೇ ಬರೆಯುವ ವಾಡಿಕೆಯುಂಟು. ಅದನ್ನು ಓದಿದವನು ಕುಷ್ಠವು ಬೇರುಸಹಿತವಾಗಿ ಅಳಿಯಿತೆಂದು ನಂಬಿ, ತನ್ನ ಮೈಮೇಲೆ ಮೂಡಿದ ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ಉಪೇಕ್ಷಿಸಿದರೆ ಆ ದೋಷವು ಶಬ್ದವನ್ನು ಪ್ರಯೋಗಿಸಿದವನದೇ ಹೊರತು ಓದಿದವನದಲ್ಲ. ಆದಕಾರಣ ಮೊದಲನೆಯದಕ್ಕೆ ‘ಉನ್ಮೂಲನ’ವನ್ನೂ, ಎರಡನೆಯದಕ್ಕೆ ಹೊರದೂಡುವುದೆಂಬರ್ಥದ ‘ನಿಸ್ಸಾರಣ’ವನ್ನೂ ಬೇರೆಬೇರೆಯಾಗಿ ಬಳಸುವುದು ಯುಕ್ತ. ಬೇರು ಇನ್ನೂ ನೆಲದಲ್ಲಿರುವಾಗ ಮೂಲಶಬ್ದವನ್ನು ಪ್ರಯೋಗಿಸುವುದು ಸಾಧುವಲ್ಲ.