ಪರದೇಶದಲ್ಲಿದ್ದು ಕೊಂಡ ಮನೆ

ಮನೆಯನ್ನು ಕಟ್ಟಿ ನೋಡು, ಮದುವೆಯನ್ನು ಮಾಡಿ ನೋಡು ಎಂದು ಹಿರಿಯರು ಹೇಳಿದರೇ ಹೊರತು, ಸಮುದ್ರದಾಚೆ ಕುಳಿತು ಮನೆಯನ್ನು ಕೊಂಡು ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಆ ಸಾಹಸಕ್ಕೆ ಕೈಯಿಕ್ಕುವವರು ವಿರಳರಾಗಿದ್ದರೆಂದು ತೋರುತ್ತದೆ. ನಾವು ದಂಪತಿಗಳು 22 ವರ್ಷ ಕೊಲ್ಲಿ ಸೀಮೆಯಲ್ಲಿ ಬಾಡಿಗೆಯ ಮನೆಗಳಲ್ಲಿಯೇ ಕಾಲ ಕಳೆದವರು. ಉದ್ಯೋಗವು ಮುಗಿದೊಡನೆ ಅಲ್ಲಿ ವಾಸಿಸುವ ಅಪ್ಪಣೆಯೂ ಮುಗಿಯತಕ್ಕದ್ದೇ. ಇತ್ತ ಹಲಸೂರಿನ ಗಲ್ಲಿಯೊಂದರ ಬಾಡಿಗೆ ಮನೆಯಲ್ಲಿ 81 ವಯಸ್ಸಿನ ನಮ್ಮ ತಾಯಿಯವರು. ಮನೆಯೊಡೆಯರು ಅದನ್ನು ಕೆಡವಿಸುವುದಾಗಿ ತಿಳಿಸಿ, 11 ತಿಂಗಳ ಗಡುವನ್ನು ಕೊಟ್ಟಿದ್ದರು. ಕೈಯಲ್ಲಿದ್ದುದು ಜೀವಮಾನದ ಉಳಿತಾಯ. ಅದನ್ನು ಎರಡು ಬಾರಿ ವೆಚ್ಚಮಾಡುವಂತಿರಲಿಲ್ಲ.

ಪರದೇಶಿಗಳಿಗೆ ಮನೆಯ ಹಂಬಲವೆಂಬುದು ಬೆಂಗಳೂರಿನ ಪೂರ್ವಭಾಗಕ್ಕೆ ಹೊಸತಲ್ಲ. 1809ರಲ್ಲಿ ದಂಡು ಇಲ್ಲಿ ನೆಲೆಯೂರಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡಿನ ಪ್ರದೇಶವು ಆಂಗ್ಲರ ವಶದಲ್ಲಿಯೇ ಉಳಿದು, 1947ರ ಜುಲೈ ತಿಂಗಳಲ್ಲಷ್ಟೇ ಮೈಸೂರಿಗೆ ಸೇರಿತು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ತಮ್ಮದೇ ಆದ ಹಳ್ಳಿಯಿರಲೆಂದು ಮಹಾರಾಜರಿಂದ ಭೂಮಿಯನ್ನು ಪಡೆದು ವೈಟ್‌ಫೀಲ್ಡನ್ನು ಸ್ಥಾಪಿಸಿದವು. 1898ರ ಪ್ಲೇಗು ಮಾರಿಯು ದಂಡಿನ ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿದ ಬಳಿಕ ಫ್ರೇಜರ್ ಟೌನ್ ಮೊದಲಾದ ಗಾಳಿ ಬೆಳಕಿನ ಬಡಾವಣೆಗಳು ಹುಟ್ಟಿಕೊಂಡವು. ಸ್ವಾತಂತ್ರ್ಯಾನಂತರ ಅಲ್ಲಿನ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋದವು. ಈ ಸಂಗತಿಯು ನಮ್ಮ ಕಥೆಗೂ ಸಂಬಂಧಿಸಿದ್ದೆಂಬುದು ಮುಂದೆ ತಿಳಿಯುವುದು.

ಮೊದಲು ಕಾನೂನಿನ ಮಾತು. 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ ಮೇರೆಗೆ, ಹೊರದೇಶದಲ್ಲಿ ನೆಲಸಿದ ಭಾರತೀಯನು ಇಲ್ಲಿ ವಾಸದ ಮನೆಯನ್ನು ಧಾರಾಳವಾಗಿ ಕೊಳ್ಳಬಹುದು. ಬೇಸಾಯದ ಜಮೀನು, ತೋಟ, ತೋಟದ ಮನೆ ಇವುಗಳನ್ನು ಕೊಳ್ಳಕೂಡದು. ಹಣವು ಬ್ಯಾಂಕಿನ ಮೂಲಕವೇ ಸಲ್ಲತಕ್ಕದ್ದು. ಇಷ್ಟನ್ನು ತಿಳಿದ ಮಾತ್ರಕ್ಕೆ ನಾವು ಬುದ್ಧಿವಂತರಾದೆವೆಂದು ಭಾವಿಸಿದ್ದೆವು.

ಕೃಷ್ಣರಾಜಪುರದಾಚೆಗೆ ಮೆಟ್ರೋ ರೈಲು 2023ರಲ್ಲಿ ಓಡತೊಡಗಿದ್ದಿತು. ಅದರ ಸಮೀಪದಲ್ಲಿ ದಲ್ಲಾಳಿಯೊಬ್ಬರು ತೋರಿಸಿದ ಮನೆಯು ಹೊಸದು, ಸುಣ್ಣದ ವಾಸನೆಯಿನ್ನೂ ಆರಿರಲಿಲ್ಲ. ಖಾತೆಯಿದೆಯೆ ಎಂದು ಕೇಳಿದೆವು, ಇದೆಯೆಂದರು. ಯಾವ ಖಾತೆಯೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ! ಆನಂದದ ಭರದಲ್ಲಿ ಎರಡು ಲಕ್ಷ ರೂಪಾಯಿ ಮುಂಗಡವನ್ನು ಕಳುಹಿಸಿದೆವು. ಅನಂತರ ಕಾಗದಪತ್ರಗಳು ವಕೀಲರ ಕೈಸೇರಿದಾಗ ಅದು ಬಿ ಖಾತೆಯೆಂದು ಹೊರಬಿತ್ತು. ಕ್ರಮಬದ್ಧವಲ್ಲದ ನಿವೇಶನಗಳಿಂದ ಕಂದಾಯವನ್ನು ವಸೂಲುಮಾಡುವುದಕ್ಕಾಗಿ ಇಟ್ಟ ಲೆಕ್ಕವದು, ಒಡೆತನಕ್ಕೆ ಆಧಾರವಲ್ಲ. ಇಂತಹವುಗಳನ್ನು ಎ ಖಾತೆಗೆ ಮಾರ್ಪಡಿಸುವ ಯೋಜನೆಯನ್ನು ಸರ್ಕಾರವು 2025ರಲ್ಲಿ ಹೊರಡಿಸಿತೆಂಬುದು ನಿಜವೇ. ಆದರೆ ನಮ್ಮ ಮನೆಯ ದೋಷವು ಅಷ್ಟಕ್ಕೇ ನಿಲ್ಲಲಿಲ್ಲ.

ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸಿದ್ದಾಯಿತು. ಅದು ನಿರ್ಮಲವಾಗಿಯೇ ಇದ್ದಿತು. ಗೃಹಸ್ಥರು ಇಲ್ಲಿ ತುಸು ನಿಂತು ಯೋಚಿಸಬೇಕು. ಆ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ನೋಂದಣಿಯಾಗದ ಮನೆಯೊಳಗಣ ಪಾಲುಪಟ್ಟಿಯನ್ನಾಗಲಿ, ಕುಟುಂಬದ ವ್ಯಾಜ್ಯವನ್ನಾಗಲಿ ಅದರಲ್ಲಿ ಹುಡುಕುವುದು ವ್ಯರ್ಥ. ವಕೀಲರು ಮೂಲ ಒಡೆಯನ ವಂಶವೃಕ್ಷವನ್ನು ತರಿಸಿದರು. ಗಂಡುಮಕ್ಕಳು ಮೂವರು ರುಜು ಹಾಕಿದ್ದರು. ಮದುವೆಯಾಗಿ ಹೋದ ಮಗಳ ರುಜುವಿರಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿಯು ಸಾರಿದ ಮೇಲೆ, ಆಕೆಯನ್ನು ಮರೆತು ಕೊಂಡವನು ಸುಖವಾಗಿ ನಿದ್ರಿಸಲಾರನು. ಆಕೆಯದು ನ್ಯಾಯವಾದ ಪಾಲೆಂದು ನಮ್ಮ ಮನೆಯವರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟರು. ನಾವು ಹಿಂದೆಗೆದೆವು. ಮುಂಗಡದಲ್ಲಿ ಒಂದು ಲಕ್ಷ ಹಿಂದಿರುಗಿತು. ಇನ್ನೊಂದು ಲಕ್ಷವು ಇಂದಿಗೂ ಬಂದಿಲ್ಲ. ಗಡುವಿನಲ್ಲಿ ಐದು ತಿಂಗಳು ಕಳೆದಿದ್ದವು.

ಎರಡನೆಯ ಮನೆಯು ಕಾಕ್ಸ್ ಟೌನಿನ ಕಡೆಯದು. 20 ಅಡಿಗೆ 30 ಅಡಿಯ ನೆಲ, ಹಂಚಿನ ಮಾಡು, ಮುಂದಿನ ಕೋಣೆಯಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆ, ಹಿತ್ತಲಲ್ಲೊಂದು ಸೀಬೆಯ ಮರ. ಒಡೆಯರು ಬಹುಕಾಲದ ಹಿಂದೆ ಆಸ್ಟ್ರೇಲಿಯಾಕ್ಕೆ ವಲಸೆಹೋದ ಆಂಗ್ಲೋ-ಇಂಡಿಯನ್ ವೃದ್ಧರು. ಕೊಳ್ಳುವವರೂ ಪರದೇಶದಲ್ಲಿ, ಮಾರುವವರೂ ಪರದೇಶದಲ್ಲಿ. ನಡುವೆ ಬೀಗ ಹಾಕಿದ ಮನೆ! ಮಾರುವವನು ಹೊರದೇಶದವನಾದರೆ, ಕೊಳ್ಳುವವನೇ ಆದಾಯ ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿಯವನಾಗಿದ್ದರೆ 50 ಲಕ್ಷದ ಮನೆಗೆ ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ನೂರಕ್ಕೆ 1. ಇವರ ವಿಷಯದಲ್ಲಿ ನೂರಕ್ಕೆ ಹನ್ನೆರಡೂವರೆಯೂ ಅದರ ಮೇಲಣ ಉಪಕರವೂ. ಮರೆತರೆ ಹೊಣೆಯು ನಮ್ಮದೇ. ಇದಲ್ಲದೆ ನೂರಕ್ಕೆ 5ರ ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾಗಿ 2ಕ್ಕೇರಿದ ನೋಂದಣಿ ಶುಲ್ಕ. ಮನೆಯ ಬೆಲೆಯನ್ನಷ್ಟೇ ಎಣಿಸಿಟ್ಟವರು ಇಲ್ಲಿ ಎಡವುತ್ತಾರೆ. ನಾವು ನಮ್ಮ ಹೊಸ ಮೋಟಾರಿನ ಆಸೆಯನ್ನು ಬಿಟ್ಟೆವು.

ವೃದ್ಧರು ತಮ್ಮ ಸೋದರ ಸೊಸೆಗೆ ಅಧಿಕಾರಪತ್ರವನ್ನು ಬರೆದುಕೊಟ್ಟಿದ್ದರು. ಹೊರದೇಶದಲ್ಲಿ ಬರೆದ ಅಂತಹ ಪತ್ರವು ಭಾರತದ ರಾಯಭಾರ ಕಛೇರಿಯ ಅಥವಾ ನೋಟರಿಯವರ ಸಮಕ್ಷಮದಲ್ಲಿ ರುಜುವಾಗಿ, ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕಕ್ಕೆ ಒಳಪಡಬೇಕು. ವಕೀಲರು ಲೆಕ್ಕಹಾಕುವಾಗ ಒಂಬತ್ತು ದಿನಗಳು ಮಾತ್ರ ಉಳಿದಿದ್ದವು. ಬರೆದುಕೊಟ್ಟವರು ತೀರಿಕೊಂಡರೆ ಪತ್ರವೂ ತೀರಿಹೋಗುವುದರಿಂದ, ಅವರು ಕ್ಷೇಮವಾಗಿರುವರೆಂದು ಕಣ್ಣಾರೆ ಕಾಣದ ಹೊರತು ಮುಂದುವರಿಯೆನೆಂದು ವಕೀಲರು ಹಟಹಿಡಿದರು. ವಿಡಿಯೋ ಕರೆಯಲ್ಲಿ ವೃದ್ಧರು ಕಾಣಿಸಿಕೊಂಡರು. ಕ್ರಯದ ಮಾತನ್ನು ಅವರು ಎತ್ತಲೇ ಇಲ್ಲ. ಸೀಬೆಯ ಮರವು ಇದೆಯೆ ಎಂದು ಎರಡು ಸಲ ಕೇಳಿದರು. ಇದೆಯೆಂದು ನಮ್ಮ ತಾಯಿಯವರೇ ಉತ್ತರವಿತ್ತರು.

ಗಡುವಿಗೆ ಹದಿನಾರು ದಿನ ಮುಂಚಿತವಾಗಿ ಕ್ರಯಪತ್ರವು ನೋಂದಣಿಯಾಯಿತು. ಇ-ಖಾತೆಯಲ್ಲಿ ಹೆಸರು ಬದಲಾಗುವುದು ಈ ಲೇಖನವನ್ನು ಬರೆಯುವ ವೇಳೆಗೂ ಬಾಕಿಯಿದೆ. ತಾಯಿಯವರು ಮುಂದಿನ ಕೋಣೆಯನ್ನೇ ಆರಿಸಿಕೊಂಡರು. ಹೊಗೆ ಹಿಡಿದ ಅಗ್ಗಿಷ್ಟಿಕೆಯನ್ನು ಮೂರು ದಿನ ತೊಳೆಸಿ, ಸುಣ್ಣ ಬಳಿಸಿ, ತಮ್ಮ ದೇವರ ಪೆಟ್ಟಿಗೆಯನ್ನು ಅದರೊಳಗಿಟ್ಟಿದ್ದಾರೆ.